ಮಳೆಗಾಲಕ್ಕೂ ತಡೆಯುವ ದಿನಚರಿ ಪುಸ್ತಕ ಆರಿಸುವುದು ಹೇಗೆ?

ದಿನದ ಕೆಲಸ ಬರೆದಿಡಲು ಪುಸ್ತಕ ಕೊಳ್ಳುವಾಗ ಹೆಚ್ಚಿನವರು ಮೊದಲು ನೋಡುವುದು ಒಳಗಿನ ಅಚ್ಚನ್ನು: ತಾರೀಖು ಇದೆಯೇ, ಗಂಟೆಯ ಕಾಲಂ ಇದೆಯೇ ಎಂದು. ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದಲ್ಲೂ ಮೊದಲು ನೋಡಬೇಕಾದ್ದು ಹೊಲಿಗೆ ಮತ್ತು ಕಾಗದ. ಜನವರಿಯಲ್ಲಿ ಚೆನ್ನಾಗಿದ್ದ ಪುಸ್ತಕ ಇಲ್ಲಿ ಕೈಕೊಡುವುದು ಜುಲೈನಲ್ಲಿ. ಹಾಳೆ ಮೆತ್ತಗಾಗಿ ಶಾಯಿ ಒಡೆಯತೊಡಗಿದರೆ ಬರೆಯುವ ಮನಸ್ಸೇ ಹೋಗುತ್ತದೆ, ಅದರ ಹಿಂದೆಯೇ ರೂಢಿಯೂ ತಪ್ಪುತ್ತದೆ.

ಅಂಗಡಿಯಲ್ಲಿ ಪುಸ್ತಕವನ್ನು ನಡುವೆ ತೆರೆದು ಮೇಜಿನ ಮೇಲಿಡಿ. ಕೈ ತೆಗೆದರೂ ಮುಚ್ಚಿಕೊಳ್ಳದಿದ್ದರೆ ಒಳ್ಳೆಯ ಲಕ್ಷಣ. ಈಗ ಹಾಳೆಗಳ ನಡುವಿನ ಮಡಿಕೆಯಲ್ಲಿ ಹುಡುಕಿ. ಕೆಲವು ಹಾಳೆಗಳಿಗೊಮ್ಮೆ ದಾರ ಕಂಡರೆ ಅದು ಹೊಲಿಗೆ ಬೈಂಡಿಂಗ್, ಅದನ್ನೇ ಕೊಳ್ಳಿ. ಬರೀ ಅಂಟು ಹಾಕಿದ್ದಾದರೆ ಕಾಗದ ಮಳೆಗಾಲದಲ್ಲಿ ತೇವ ಹೀರಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ, ಬೆನ್ನಿನ ಅಂಟು ಹಿಡಿತ ಬಿಡುತ್ತದೆ. ದಿನಕ್ಕೆ ನಾಲ್ಕು ಸಲ ಬಿಡಿಸಿ ಒತ್ತುವ ಪುಸ್ತಕದಲ್ಲಿ ಹಾಳೆಗಳು ಒಂದೊಂದಾಗಿ ಕಳಚಿ ಬರುತ್ತವೆ. ನಡುವೆ ಪಿನ್ನು ಹೊಡೆದ ತೆಳು ಪುಸ್ತಕ, ತಂತಿಯ ಸ್ಪೈರಲ್ ಎರಡಕ್ಕೂ ಸಮುದ್ರದ ಉಪ್ಪುಗಾಳಿಯೇ ಶತ್ರು: ತುಕ್ಕು ಹಿಡಿದು ಹಾಳೆಯ ಅಂಚು ಕಂದಾಗುತ್ತದೆ, ರಂಧ್ರ ಹರಿಯುತ್ತದೆ. ಸ್ಪೈರಲ್ಲೇ ಇಷ್ಟವಿದ್ದರೆ ಪ್ಲಾಸ್ಟಿಕ್ಕಿನದು ತೆಗೆದುಕೊಳ್ಳಿ. ರಟ್ಟಿಗೆ ಬಟ್ಟೆ ಅಂಟಿಸಿದ ಹೊದಿಕೆ ನೋಡಲು ಚಂದ, ಆದರೆ ಬೂಸ್ಟು ಹಿಡಿಯುವುದು ಮೊದಲು ಅದಕ್ಕೇ. ಲ್ಯಾಮಿನೇಟ್ ಆದ ರಟ್ಟನ್ನು ಒಣಬಟ್ಟೆಯಿಂದ ಒರೆಸಿದರೆ ಸಾಕು.

ಕಾಗದದ ವಿಷಯಕ್ಕೆ ಬಂದರೆ, ಶಾಲೆಯ ನೋಟ್‌ಬುಕ್ಕುಗಳಲ್ಲಿ ಸಾಮಾನ್ಯವಾಗಿ ಇರುವ 55–60 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಹಾಳೆ ಬಾಲ್‌ಪೆನ್ನಿಗೆ ಪರವಾಗಿಲ್ಲ. ಜೆಲ್ ಪೆನ್ನು, ಶಾಯಿ ಪೆನ್ನು ಬಳಸುವವರು 80 ಜಿಎಸ್‌ಎಂಗಿಂತ ಕಡಿಮೆ ತೆಗೆದುಕೊಳ್ಳಬೇಡಿ. ಆದರೂ ಮುದ್ರಿಸಿದ ಸಂಖ್ಯೆಯೊಂದನ್ನೇ ನಂಬಬಾರದು. ಕಾಗದ ದಪ್ಪಗಿದ್ದೂ ಶಾಯಿ ಕುಡಿಯುವುದುಂಟು. ಅಂಗಡಿಯವರನ್ನು ಕೇಳಿ, ಕೊನೆಯ ಹಾಳೆಯ ಮೂಲೆಯಲ್ಲಿ ನಿಮ್ಮದೇ ಪೆನ್ನಿನಿಂದ ಒಂದು ಸಾಲು ಬರೆಯಿರಿ. ಹತ್ತು ಸೆಕೆಂಡು ಬಿಟ್ಟು ಬೆರಳಿನಿಂದ ಉಜ್ಜಿ, ಹಾಳೆ ತಿರುಗಿಸಿ ನೋಡಿ. ಒತ್ತಕ್ಷರದ ಒಳಸಂದುಗಳು ತುಂಬಿಕೊಂಡಿದ್ದರೆ, ಹಿಂಬದಿಯಲ್ಲಿ ಚುಕ್ಕೆ ಮೂಡಿದ್ದರೆ ಬೇಡ. ಬೇಸಿಗೆಯಲ್ಲೇ ಹೀಗಾದರೆ ತೇವ ಕುಡಿದ ಹಾಳೆಯಲ್ಲಿ ಶಾಯಿ ನಾರಿನುದ್ದಕ್ಕೂ ಇನ್ನಷ್ಟು ಹರಡುತ್ತದೆ. ಮಳೆಗಾಲದ ನಾಲ್ಕು ತಿಂಗಳು ಬಾಲ್‌ಪೆನ್ನಿಗೆ ಬದಲಾಗುವುದು ಒಳ್ಳೆಯದು. ಅದರ ಶಾಯಿ ಎಣ್ಣೆಯಾಧಾರಿತ, ಹನಿ ಬಿದ್ದರೂ ಅಷ್ಟು ಬೇಗ ಅಳಿಸುವುದಿಲ್ಲ.

ಅಳತೆಗೆ ಎ5 ಸಾಕು, ಅಂದರೆ 148 × 210 ಮಿ.ಮೀ. 8 ಮಿ.ಮೀ. ಗೆರೆಯಿದ್ದರೆ ಪುಟಕ್ಕೆ ಇಪ್ಪತ್ತಮೂರು, ಇಪ್ಪತ್ತನಾಲ್ಕು ಸಾಲು ಸಿಗುತ್ತದೆ. ದಿನಕ್ಕೆ ಹತ್ತು ಕೆಲಸದೊಳಗೆ ಇರುವವರಿಗೆ ಅರ್ಧ ಪುಟ ಸಾಕಾಗುವುದರಿಂದ 192 ಪುಟದ ಪುಸ್ತಕ ವರ್ಷಪೂರ್ತಿ ಬರುತ್ತದೆ. ದಿನಕ್ಕೊಂದು ಪುಟ ಬೇಕಾದವರು ಅಂಥ ಎರಡು ಕೊಳ್ಳಲಿ. ಒಂದೇ ದಪ್ಪ ಪುಸ್ತಕವನ್ನು ಯಾರೂ ಚೀಲದಲ್ಲಿ ಹೊತ್ತು ತಿರುಗುವುದಿಲ್ಲ. ತೋಟಕ್ಕೆ, ಬಂದರಿಗೆ ಹೋಗುವವರು ಎ6 ತೆಗೆದುಕೊಂಡು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಡಿ.

ತಾರೀಖು ಅಚ್ಚಾದ ಡೈರಿ ಕಚೇರಿಯಲ್ಲಿ ಭೇಟಿಯ ಸಮಯ ಗುರುತಿಸುವವರಿಗೆ ಅನುಕೂಲ. ಆದರೆ ಬ್ಯಾಂಕು, ಸೊಸೈಟಿಯ ಲೆಕ್ಕ ಏಪ್ರಿಲ್ 1ರಿಂದ ಶುರು, ಜನವರಿಯ ಡೈರಿಯಲ್ಲಿ ಅದು ಎರಡು ತುಂಡಾಗುತ್ತದೆ. ಯಾಂತ್ರಿಕ ದೋಣಿಯವರಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಬಲೆ ಹೆಣೆಯುವ, ಇಂಜಿನ್ ರಿಪೇರಿಯ ಕೆಲಸವನ್ನು ವಾರಕ್ಕೊಂದು ಪುಟದಲ್ಲಿ ಮುಗಿಸಬಹುದು. ಅಡಿಕೆ ಮನೆಯಲ್ಲಿ ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಇಳಿಸುವ ದಿನಗಳಲ್ಲಿ ಒಂದು ಪುಟವೂ ಸಾಲದು, ಭಾನುವಾರಕ್ಕೆ ಡೈರಿ ಕೊಡುವ ಅರ್ಧ ಪುಟವಂತೂ ಏನೇನೂ ಸಾಲದು. ಇಂಥವರಿಗೆಲ್ಲ ಬರೀ ಗೆರೆಯ ಪುಸ್ತಕದಲ್ಲಿ ತಾರೀಖನ್ನು ಕೈಯಲ್ಲೇ ಬರೆದುಕೊಳ್ಳುವುದೇ ಸರಿ.

ಬರೆಯಲು ಶುರುಮಾಡುವ ಮೊದಲು ಪುಟಗಳಿಗೆ ಸಂಖ್ಯೆ ಹಾಕಿ. ಮೊದಲ ನಾಲ್ಕು ಪುಟ ವರ್ಷದ ಕೆಲಸಗಳಿಗೆ, ಕೊನೆಯ ನಾಲ್ಕು ಪುಟ ಬೇರೆಯವರಿಂದ ಬರಬೇಕಾದದ್ದಕ್ಕೆ ಬಿಡಿ: ಯಾರು, ಏನು, ಯಾವ ದಿನ ಹೇಳಿದ್ದು. ಮುಂದೆ ತಿರುಗಿ ಬರುವ ಕೆಲಸವನ್ನು ಮುಗಿಸಿದ ದಿನವೇ ಮುಂದಿನ ತಾರೀಖಿಗೆ ಬರೆದುಬಿಡಬೇಕು. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೊ ಮದ್ದನ್ನು ಮೇ 28ಕ್ಕೆ ಹೊಡೆದಿರಿ ಎನ್ನಿ. ಎರಡನೆಯದು 40–45 ದಿನಕ್ಕೆ, ಅಂದರೆ ಜುಲೈ 7ರಿಂದ 12ರೊಳಗೆ. ಆ ಪುಟದಲ್ಲಿ ‘ಎರಡನೇ ಮದ್ದು, ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀ.’ ಎಂದು ಬರೆದು, ಅದಕ್ಕೆ ಐದು ದಿನ ಮೊದಲು ‘ಕೊನೆಗೌಡನಿಗೆ (ಮರ ಹತ್ತಿ ಮದ್ದು ಹೊಡೆಯುವವನಿಗೆ) ಹೇಳುವುದು’ ಎಂದೂ ಸೇರಿಸಿ. ‘ತೋಟದ ಕೆಲಸ’ ಎಂದಷ್ಟೇ ಬರೆದದ್ದು ಮಾತ್ರ ಎಂದೂ ಮುಗಿಯುವುದಿಲ್ಲ, ಯಾಕೆಂದರೆ ಎಲ್ಲಿಂದ ಶುರುಮಾಡಬೇಕೆಂದು ಅದು ಹೇಳುವುದಿಲ್ಲ. ಮುಗಿದದ್ದಕ್ಕೆ ಸರಿ ಗುರುತು, ಮುಂದೆ ಹಾಕಿದ್ದಕ್ಕೆ ಬಾಣದ ಗುರುತು; ಇಷ್ಟೇ ಸಾಕು, ಬಣ್ಣದ ಪೆನ್ನುಗಳ ಗೊಡವೆ ಬೇಡ. ಮೂರು ಸಲ ಬಾಣ ಬಿದ್ದ ಕೆಲಸವನ್ನು ಚಿಕ್ಕದಾಗಿ ಒಡೆಯಿರಿ, ಇಲ್ಲವೇ ಹೊಡೆದುಹಾಕಿ.

ಪುಸ್ತಕವನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿಡಬೇಡಿ. ಒದ್ದೆಯಾದರೆ ಹಾಳೆಗಳ ನಡುವೆ ಖಾಲಿ ಬಿಳಿ ಕಾಗದ ಸೇರಿಸಿ ಫ್ಯಾನಿನ ಕೆಳಗೆ ನಿಲ್ಲಿಸಿ, ಅರೆ ಒಣಗಿದ ಮೇಲೆ ಭಾರ ಹೇರಿ. ಒಲೆಯ ಹತ್ತಿರ ಇಟ್ಟರೆ ಹಾಳೆ ಸೊಟ್ಟಗಾಗುತ್ತದೆ. ವರ್ಷದ ಎರಡನೆಯ ಪುಸ್ತಕವನ್ನು ಮೇ ತಿಂಗಳಲ್ಲೇ ಕೊಂಡು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ. ಜುಲೈನಲ್ಲಿ ಅಂಗಡಿಯ ದಾಸ್ತಾನೂ ಆಗಲೇ ತೇವ ಕುಡಿದಿರುತ್ತದೆ.