ಹುಣಸೆ ಬೀಜ ಹಿಡಿದು ನಗು ಎಣಿಸಿದೆ: ನನ್ನ ಅನುಭವ

ಹೋಟೆಲೊಂದರಲ್ಲಿ ನಡೆಯುವ ಬ್ರಿಟಿಷ್ ಟಿವಿ ಹಾಸ್ಯ ಧಾರಾವಾಹಿ ‘ಫಾಲ್ಟಿ ಟವರ್ಸ್’ನ ಮೊದಲ ಸೀಸನ್ನಿನಲ್ಲಿ ಸಪ್ಪೆ ಕಂತು ಯಾವುದು ಅಂದರೆ ನಮ್ಮ ಬಳಗದವರೆಲ್ಲ ಒಂದೇ ಬಾಯಲ್ಲಿ ‘ದಿ ಬಿಲ್ಡರ್ಸ್’ ಅಂತಿದ್ದರು. ನಾನು ಅಲ್ಲ ಅಂತಿದ್ದೆ. ಎಂಟು ವರ್ಷ ಇದೇ ವಾದ. ಹೋದ ವರ್ಷ ಹದಿನಾಲ್ಕು ವಾರ ಕೂತು, ಏಳು ಸಾವಿರದಷ್ಟು ಖರ್ಚು ಮಾಡಿ, ಆ ಸೀಸನ್ ತೂಗಿ ನೋಡಿದೆ. ಈಗ ವಾದ ನಿಂತಿದೆ. ಹೇಗೆ ಮಾಡಿದೆ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ಮಾಡಿದ್ದು ಪೂರ್ತಿ ಕೆಟ್ಟಿತು. ಸರಸ್ವತಿಪುರಂನ ನಮ್ಮ ಮನೆ ತಾರಸಿಯಲ್ಲಿ ಬಾಡಿಗೆ ಪ್ರೊಜೆಕ್ಟರ್ ಇಟ್ಟೆ. ಎರಡು ರಾತ್ರಿಗೆ 1,600 ರೂಪಾಯಿ. ಒಂದು ರಾತ್ರಿ ಮಳೆ, ಇನ್ನೊಂದು ರಾತ್ರಿ ಕರೆಂಟ್ ಇಲ್ಲ. ಆಮೇಲೆ ಮನೆಯೊಳಗೇ ಕೂರಿಸಿ, ಪ್ರತಿ ಕಂತಿಗೂ ಹತ್ತಕ್ಕೆ ಇಷ್ಟು ಅಂಕ ಕೊಡಿ ಅಂದೆ. ಎಲ್ಲರೂ ಎಲ್ಲದಕ್ಕೂ ಏಳು. ಮನೆಗೆ ಕರೆದು ಕಾಫಿ ಕೊಟ್ಟವನಿಗೆ ಯಾರು ಮೂರು ಕೊಡುತ್ತಾರೆ?

ಆಗ ಹೊಳೆದಿದ್ದು ಹುಣಸೆ ಬೀಜ. ಚೌಕಾಬಾರ ಆಡುವ ಮನೆಯಲ್ಲಿ ಅದಕ್ಕೇನು ಬರ, ಅಲ್ವಾ? ಒಬ್ಬೊಬ್ಬರ ಮುಂದೆ ನಲವತ್ತು ಬೀಜ, ಪಕ್ಕದಲ್ಲಿ ಒಂದು ಸ್ಟೀಲ್ ಲೋಟ. ಬಾಯಿಬಿಟ್ಟು ನಕ್ಕರೆ ಒಂದು ಬೀಜ ಲೋಟಕ್ಕೆ. ಮುಗುಳ್ನಗೆಗೆ ಲೆಕ್ಕವಿಲ್ಲ. ಮೊದಮೊದಲು ಬೀಜದ ಸದ್ದಿಗೇ ಪಕ್ಕದವರು ನಗುತ್ತಿದ್ದರು. ಲೋಟದ ತಳಕ್ಕೆ ಹಳೇ ಪಂಚೆ ತುಂಡು ಹಾಕಿದ ಮೇಲೆ ಸರಿಹೋಯಿತು. ಮದ್ದೂರು ವಡೆಯನ್ನೂ ಕಂತು ಮುಗಿದ ಮೇಲೆ ಕೊಟ್ಟೆ. ಬಾಯಲ್ಲಿ ಕರುಂ ಕುರುಂ ಇದ್ದರೆ ನಗು ಹೊರಗೆ ಬರುವುದಿಲ್ಲ, ಎಣ್ಣೆ ಕೈಗೆ ಬೀಜವೂ ಜಾರುತ್ತೆ.

ಜಾಗ ಸಿಕ್ಕಿದ್ದು ಧನ್ವಂತ್ರಿ ರಸ್ತೆಯಲ್ಲಿ ಗೆಳೆಯನ ಲಾಡ್ಜಿನ ಹಾಲ್. ಟಿವಿ ಅವನದೇ, ಬಾಡಿಗೆ ಇಲ್ಲ. ದಿನ ಮಂಗಳವಾರ, ಯಾಕೆಂದರೆ ಅವತ್ತು ಕ್ಷೌರದಂಗಡಿಗೆ ರಜೆ, ನಮ್ಮ ತಂಡದ ಅತಿ ಪ್ರಾಮಾಣಿಕ ನಗುವಿನವನು ಕ್ಷೌರಿಕ. ವಾರಕ್ಕೆ ಒಂದೇ ಕಂತು. 1975ರಲ್ಲಿ ಬಿಬಿಸಿ 2 ಸೆಪ್ಟೆಂಬರ್ 19ರಿಂದ ಅಕ್ಟೋಬರ್ 24ರವರೆಗೆ ಹಾಗೇ ವಾರಕ್ಕೊಂದು ಹಾಕಿತ್ತು. ಆರನ್ನೂ ಒಂದೇ ರಾತ್ರಿ ನೋಡಿ ತೀರ್ಪು ಕೊಡುವವರ ಮಾತು ನಾನು ಲೆಕ್ಕಕ್ಕೆ ತಗೊಳ್ಳಲ್ಲ. ನಾಲ್ಕನೇ ಕಂತಿನ ಹೊತ್ತಿಗೆ ದವಡೆ ಸೋತಿರುತ್ತೆ.

ಈಗ ಮುಖ್ಯ ವಿಷಯ. ಈ ಧಾರಾವಾಹಿಯಲ್ಲಿ ಕೇಳುವ ನಗು ಸ್ಟುಡಿಯೋದಲ್ಲಿ ಕೂತ ಪ್ರೇಕ್ಷಕರದು. ಅವರು ನಕ್ಕಲ್ಲಿ ನಾವೂ ನಗುತ್ತೇವೆ, ಅವರು ಸುಮ್ಮನಿದ್ದರೆ ನಾವೂ ತಡೆದುಕೊಳ್ಳುತ್ತೇವೆ. ಹಾಗಾದರೆ ನಾವು ತೂಗುವುದು ಕಂತನ್ನೋ, ಅವತ್ತಿನ ಪ್ರೇಕ್ಷಕರನ್ನೋ? ಅದಕ್ಕೇ ಎರಡು ತಂಡ ಮಾಡಿದೆ, ಐದೈದು ಜನ. ಒಂದಕ್ಕೆ ಸದ್ದಿನ ಜೊತೆ. ಇನ್ನೊಂದಕ್ಕೆ ವಾಲ್ಯೂಮ್ ಸೊನ್ನೆ. ಮೂಕ ತಂಡಕ್ಕೆ ನಾನೇ ನಿಂತು ಮಾತು ಅನುವಾದಿಸಿ ಹೇಳಿ ನೋಡಿದೆ, ನನ್ನ ದನಿ ಬಿದ್ದಲ್ಲೆಲ್ಲ ನಗು ಸತ್ತಿತು. ಕೊನೆಗೆ ಕಂತಿಗೆ ಹತ್ತು ಸಾಲಿನ ಕನ್ನಡ ಚೀಟಿ ಜೆರಾಕ್ಸ್ ಮಾಡಿ ಮೊದಲೇ ಕೊಟ್ಟೆ. ಆ ಹತ್ತು ಸಾಲಿನಲ್ಲಿ ಏನು ಹೇಳಬೇಕು, ಏನು ಮುಚ್ಚಿಡಬೇಕು ಅನ್ನುವುದರಲ್ಲೇ ಕೈಚಳಕ ಇದೆ. ಅದನ್ನು ಇಲ್ಲಿ ಬಿಟ್ಟುಕೊಡಲ್ಲ. ಯಾರನ್ನು ಎಲ್ಲಿ ಕೂರಿಸಿದೆ ಅನ್ನುವುದನ್ನೂ ಹೇಳಲ್ಲ.

ನೆನಪಿನಿಂದ ಲೆಕ್ಕ ಹೇಳುತ್ತೇನೆ. ಸದ್ದಿನ ತಂಡದಲ್ಲಿ ಕೊನೆಯ ‘ದಿ ಜರ್ಮನ್ಸ್’ಗೆ 120ರಷ್ಟು ಬೀಜ, ‘ಗೌರ್ಮೆ ನೈಟ್’ಗೆ 100, ‘ದಿ ಬಿಲ್ಡರ್ಸ್’ಗೆ ಬರೀ 50. ಉಳಿದ ಮೂರು 85ರಿಂದ 95ರೊಳಗೆ. ಮೂಕ ತಂಡದಲ್ಲಿ ಎಲ್ಲವೂ ಬಿದ್ದವು. ‘ಹೋಟೆಲ್ ಇನ್ಸ್‌ಪೆಕ್ಟರ್ಸ್’ ಅರ್ಧಕ್ಕಿಂತ ಕೆಳಗೆ ಹೋಯಿತು, ಅದರ ಜೀವವೆಲ್ಲ ಮಾತಿನಲ್ಲಿದೆ. ಮೇಲೆದ್ದಿದ್ದು ಒಂದೇ, ‘ದಿ ಬಿಲ್ಡರ್ಸ್’. 70 ಬೀಜ!

ಅವತ್ತು ಮೂಕ ತಂಡದಲ್ಲಿದ್ದ ನಮ್ಮ ಗಾರೆ ಮೇಸ್ತ್ರಿ ಮುಂದೆ ಬಾಗಿ ಕೂತಿದ್ದರು. ಅಗ್ಗಕ್ಕೆ ಸಿಗುತ್ತಾನೆ ಅಂತ ಹೆಂಡತಿಗೆ ಗೊತ್ತಾಗದ ಹಾಗೆ ಹೋಟೆಲ್ ಮಾಲೀಕ ಬೇಸಿಲ್ ಕಟ್ಟಡ ಕೆಲಸದ ಓರೈಲಿಯನ್ನು ಕರೆಸುತ್ತಾನಲ್ಲ, ಅಲ್ಲಿಂದಲೇ ಅವರ ಭುಜ ಕುಣಿಯುತ್ತಿತ್ತು. ಊಟದ ಕೋಣೆಯ ಬಾಗಿಲಿದ್ದ ಜಾಗದಲ್ಲಿ ಗೋಡೆ ಎದ್ದಿರುವುದು ಕಂಡಾಗ ಮೂರು ಬೀಜ ಒಟ್ಟಿಗೆ ಹಾಕಿದರು. ಭಾರ ಹೊರುವ ಗೋಡೆಗೆ ಓರೈಲಿ ಮರದ ಲಿಂಟಲ್ (ಬಾಗಿಲ ಮೇಲಿನ ಅಡ್ಡತೊಲೆ) ಕೊಟ್ಟಿದ್ದಾನೆ ಅಂತ ಗೊತ್ತಾಗುವ ಜಾಗಕ್ಕೆ ಬಂದಾಗ ಲೋಟ ಕೆಳಗಿಟ್ಟು, ‘ಅಣ್ಣ, ಸ್ವಲ್ಪ ನಿಲ್ಲಿಸಿ’ ಅಂದರು. ಕಣ್ಣಲ್ಲಿ ನೀರು. ಇಂಥದ್ದೇ ಕೆಲಸ ಸರಿಮಾಡಲು ಅವರು ಒಂದು ಮನೆಗೆ ಹೋಗಿದ್ದರಂತೆ.

ಮೇಸ್ತ್ರಿ ಒಬ್ಬರಿಂದಲೇ ಬೀಜ ಏರಿತು ಅಂತ ಬಳಗದವರು ತಕರಾರು ತೆಗೆದರು. ಅವರ ಲೋಟ ಬಿಟ್ಟು ಎಣಿಸಿದೆ. ಆಗಲೂ ನಾಲ್ಕೇ ಜನರದು ಸದ್ದಿನ ಐದು ಜನರಿಗಿಂತ ಒಂದೆರಡು ಬೀಜ ಜಾಸ್ತಿ. ಮತ್ತೆರಡು ವಾರ ತಂಡ ಅದಲು ಬದಲು ಮಾಡಿ ‘ದಿ ಬಿಲ್ಡರ್ಸ್’ ಮತ್ತು ‘ಗೌರ್ಮೆ ನೈಟ್’ ಹಾಕಿದೆ. ಅದೇ ಕಥೆ.

ಕಾರಣ ಆಮೇಲೆ ಸಿಕ್ಕಿತು. ಆ ಕಂತಿನ ರೆಕಾರ್ಡಿಂಗ್ ದಿನ ಸ್ಟುಡಿಯೋದ ಮುಂದಿನ ಸಾಲುಗಳಲ್ಲಿ ಕೂತಿದ್ದವರು ಐಸ್‌ಲ್ಯಾಂಡಿನ ಪ್ರಸಾರ ಸಂಸ್ಥೆಯವರು. ಒಳ್ಳೇ ಜನ, ಆದರೆ ನಗಲೇ ಇಲ್ಲ ಅಂತ ಬೇಸಿಲ್ ಪಾತ್ರ ಮಾಡಿದ ಜಾನ್ ಕ್ಲೀಸ್ ಅವರೇ ಹೇಳಿದ್ದಾರೆ. ಆ ಮಾತು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಐವತ್ತು ವರ್ಷದಿಂದ ಒಂದು ಒಳ್ಳೇ ಕಂತು ಮುಂದಿನ ಸಾಲಿನವರ ಮೌನ ಹೊತ್ತುಕೊಂಡು ಓಡಾಡುತ್ತಿದೆ. ಕ್ಲೀಸ್ ಮತ್ತು ಕಾನಿ ಬೂತ್ ಬರೆದ ಮೊದಲ ಸ್ಕ್ರಿಪ್ಟ್ ಓದಿದಾಗ ಬಿಬಿಸಿ ಒಳಗೇ ಒಬ್ಬರು ಇದು ಮುಳುಗುತ್ತೆ ಅಂತ ಟಿಪ್ಪಣಿ ಬರೆದಿದ್ದರು. 2000ದಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ನೂರು ಶ್ರೇಷ್ಠ ಬ್ರಿಟಿಷ್ ಟಿವಿ ಕಾರ್ಯಕ್ರಮಗಳ ಪಟ್ಟಿಯಲ್ಲಿ ಇದೇ ಧಾರಾವಾಹಿ ಮೊದಲ ಸ್ಥಾನಕ್ಕೆ ಬಂತು. ಕಂತಿಗೂ ಅಂಥ ಒಂದು ದಿನ ಬರಬಾರದಾ?

ನಡುವೆ ಇನ್ನೊಂದು ಮಾಡಿ ನೋಡಿದೆ. ಮಂಡ್ಯದಲ್ಲಿ ಕ್ಯಾಟರಿಂಗ್ ನಡೆಸುವ ನಮ್ಮ ಭಾವನನ್ನು ಕರೆಸಿ ‘ಗೌರ್ಮೆ ನೈಟ್’ ತೋರಿಸಿದೆ. ಅಡುಗೆಯವನು ಕುಡಿದು ಬಿದ್ದಲ್ಲಿಂದ ಭಾವ ಗಂಭೀರ. ಬೇಸಿಲ್ ಕೊಂಬೆ ಕಿತ್ತು ಕಾರಿಗೆ ಬಾರಿಸುವಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು, ಭಾವ ಮಾತ್ರ ‘ಪಾಪ’ ಅಂದರು. ಲೋಟದಲ್ಲಿ ನಾಲ್ಕೇ ಬೀಜ. ಲಾಡ್ಜಿನ ಗೆಳೆಯನೂ ‘ಹೋಟೆಲ್ ಇನ್ಸ್‌ಪೆಕ್ಟರ್ಸ್’ಗೆ ಹಾಗೇ ಕೂತಿದ್ದ. ಕಸುಬು ಹೊರಗಿನಿಂದ ನೋಡಿ ಬರೆದಿದ್ದರೆ ಇವರಿಬ್ಬರೂ ಆರಾಮಾಗಿ ನಗುತ್ತಿದ್ದರು. ಹಾಗಾಗಿ ಕಸುಬಿನವರ ಲೋಟ ಬೇರೆ ಇಟ್ಟೆ, ಅಲ್ಲಿ ಬೀಜ ಕಡಿಮೆ ಇದ್ದರೂ ಕಂತಿಗೆ ಅಂಕ ಕಳೆಯಲಿಲ್ಲ.

ನನ್ನ ತೀರ್ಪು ಹೀಗಿದೆ. ‘ದಿ ಜರ್ಮನ್ಸ್’ ಮೊದಲು, ಅದರಲ್ಲಿ ಯಾರಿಗೂ ತಕರಾರಿಲ್ಲ. ‘ಗೌರ್ಮೆ ನೈಟ್’ ಎರಡು. ‘ದಿ ಬಿಲ್ಡರ್ಸ್’ ಮೂರು. ಆರಕ್ಕೆ ಇಳಿದಿದ್ದು ‘ಎ ಟಚ್ ಆಫ್ ಕ್ಲಾಸ್’, ಪಾತ್ರ ಪರಿಚಯದ ಹೊರೆ ಅದರ ಮೇಲೆ ಬಿದ್ದಿದೆ.

ಮುಂದಿನ ಮಂಗಳವಾರದಿಂದ 1979ರ ಸೀಸನ್ ಶುರು. ಮೇಸ್ತ್ರಿ ಆಗಲೇ ಫೋನ್ ಮಾಡಿ ಓರೈಲಿ ಮತ್ತೆ ಬರುತ್ತಾನಾ ಅಂತ ಕೇಳಿದರು. ಬರಲ್ಲ ಅಂದೆ. ಆದರೂ ಬರ್ತೀನಿ, ನನ್ನ ಲೋಟ ಇಟ್ಟಿರಿ ಅಂದರು.