ನಿಕಲ್ ಸರಳಿನ ಕುಗ್ಗುವಿಕೆಯನ್ನು ಗೋಡೆಯ ಮೇಲೆ ಅಳೆದ ಬಗೆ

ಕಾಂತಕ್ಷೇತ್ರಕ್ಕೆ ಸಿಕ್ಕ ಕಬ್ಬಿಣದ ಉದ್ದ ಬದಲಾಗುತ್ತದೆ ಎಂದು 1842ರಲ್ಲಿ ಜೂಲ್ ತೋರಿಸಿದ. ಕಣ್ಣಾರೆ ನೋಡಬೇಕೆಂದರೆ ಕಬ್ಬಿಣಕ್ಕಿಂತ ನಿಕಲ್ ವಾಸಿ. ಪೂರ್ತಿ ಕಾಂತವಾದಾಗ ಅದು 10 ಲಕ್ಷದಲ್ಲಿ ಸುಮಾರು 33 ಭಾಗ ಕುಗ್ಗುತ್ತದೆ.

ಹಾಸನದ ನಮ್ಮ ಲ್ಯಾಬಿನಲ್ಲಿ 6 ಮಿ.ಮೀ. ದಪ್ಪ, 24 ಸೆಂ.ಮೀ. ಉದ್ದದ ನಿಕಲ್ ಸರಳು ಬಳಸಿದೆವು. ಮೋಟಾರ್ ವೈಂಡಿಂಗ್ ಅಂಗಡಿಯ 22 ಗೇಜ್ ತಂತಿಯನ್ನು 20 ಸೆಂ.ಮೀ. ಪಿವಿಸಿ ಪೈಪಿನ ಮೇಲೆ ನಾಲ್ಕು ಪದರ, ಸುಮಾರು 1,050 ಸುತ್ತು ಸುತ್ತಿ ಸುರುಳಿ ಮಾಡಿದೆವು. 3 ಆಂಪಿಯರ್ ಹರಿಸಿದರೆ ಸುರುಳಿಯೊಳಗೆ 0.02 ಟೆಸ್ಲಾ (ಕಾಂತಕ್ಷೇತ್ರದ ಬಲದ ಅಳತೆ) ಸಿಗುತ್ತದೆ. ಸರಳು ಪೈಪಿಗೆ ತಾಗಬಾರದು. ಒಂದು ತುದಿಯನ್ನು ಹಿತ್ತಾಳೆ ಕ್ಲಾಂಪಿನಲ್ಲಿ ಬಿಗಿದು, ಇಡೀ ಜೋಡಣೆಯನ್ನು ಕಡಪ ಕಲ್ಲಿನ ಮೇಲೆ ಕೂರಿಸಬೇಕು.

ಇನ್ನೊಂದು ತುದಿಯ ಕೆಳಗೆ ಗಾಜಿನ ಸ್ಲೈಡ್, ನಡುವೆ ಅಡ್ಡಲಾಗಿ ಉರುಳುವ ಒಂದು ಕಡ್ಡಿ. ಮೊದಲು ಹೊಲಿಗೆ ಸೂಜಿ ಇಟ್ಟಿದ್ದೆವು. ಅದು ಉಕ್ಕು, ಸುರುಳಿಯೇ ಅದನ್ನು ಎಳೆದು ಲೆಕ್ಕ ಕೆಡಿಸಿತು. ಆಮೇಲೆ ಮಿಕ್ಕ ತಾಮ್ರದ ತಂತಿಯನ್ನೇ ಎಳೆದು ನೆಟ್ಟಗೆ ಮಾಡಿ, ಎನಾಮಲ್ ಕೆರೆದು, ಸ್ಕ್ರೂ ಗೇಜಿನಲ್ಲಿ 0.7 ಮಿ.ಮೀ. ಎಂದು ಅಳೆದು ಹಾಕಿದೆವು. ಕಡ್ಡಿಯ ತುದಿಗೆ ಉಗುರಿನ ಅರ್ಧದಷ್ಟು ಕನ್ನಡಿ ಚೂರು, ಅದರ ಮೇಲೆ ಲೇಸರ್, 4 ಮೀಟರ್ ದೂರದಲ್ಲಿ ಗೋಡೆಗೆ ಗ್ರಾಫ್ ಹಾಳೆ. ಸರಳು 6 ಮೈಕ್ರೋಮೀಟರ್ ಕುಗ್ಗಿದರೆ ಕಡ್ಡಿ ಉರುಳಿ, ಕನ್ನಡಿ ತಿರುಗಿ, ಬೆಳಕಿನ ಚುಕ್ಕೆ ಸುಮಾರು 7 ಸೆಂ.ಮೀ. ಸರಿಯುತ್ತದೆ. ಬಿ.ಎಂ. ರಸ್ತೆಯಲ್ಲಿ ಲಾರಿ ಹೋದರೂ ಚುಕ್ಕೆ ನಡುಗುವುದರಿಂದ ಬೆಳಗಿನ ಜಾವವೇ ಒಳ್ಳೆಯದು.

ನಿಜವಾದ ತೊಡಕು ಶಾಖದ್ದು. ನಿಕಲ್ ಒಂದು ಡಿಗ್ರಿಗೆ 10 ಲಕ್ಷದಲ್ಲಿ 13 ಭಾಗ ಹಿಗ್ಗುತ್ತದೆ. ಎರಡೂವರೆ ಡಿಗ್ರಿ ಬಿಸಿಯಾದರೆ ಕಾಂತದ ಕುಗ್ಗುವಿಕೆ ಅಲ್ಲಿಗೆ ಮಾಯ. ಸುರುಳಿ 30 ವ್ಯಾಟಿಗೂ ಮೇಲೆ ಕಾಯುತ್ತದೆ. ಆದ್ದರಿಂದ ಕರೆಂಟ್ ಎರಡೇ ಸೆಕೆಂಡು. ಥಟ್ಟನೆ ಜಿಗಿಯುವುದು ಕಾಂತದ್ದು, ನಿಧಾನವಾಗಿ ಎದುರು ದಿಕ್ಕಿಗೆ ತೆವಳುವುದು ಶಾಖದ್ದು. ಅದೇ ಅಳತೆಯ ಹಿತ್ತಾಳೆ ಸರಳು ಹಾಕಿದಾಗ ಬರೀ ತೆವಳಾಟ ಕಂಡಿತು. ಕರೆಂಟ್ ನಿಂತ ಮೇಲೂ ಸರಳಿನಲ್ಲಿ ಉಳಿಯುವ ಕಾಂತತೆಯಿಂದ ಚುಕ್ಕೆ ಪೂರ್ತಿ ಹಿಂದಿರುಗುವುದಿಲ್ಲ. ಪ್ರತಿ ಸಲವೂ ವೇರಿಯಾಕಿನಿಂದ (ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರ್) ಸುರುಳಿಗೆ ಎಸಿ ಕೊಟ್ಟು ಮೆಲ್ಲಗೆ ಸೊನ್ನೆಗೆ ಇಳಿಸಲೇಬೇಕು.

ಕರೆಂಟ್ ತಿರುಗಿಸಿದರೂ ನಿಕಲ್ ಕುಗ್ಗುತ್ತದೆಯೇ ಹೊರತು ಹಿಗ್ಗುವುದಿಲ್ಲ. ಕರೆಂಟಿನ ಒಂದೊಂದು ಆವರ್ತಕ್ಕೂ ತಿರುಳಿನ ಉದ್ದ ಎರಡು ಸಲ ಬದಲಾಗಿ, 50 ಹರ್ಟ್ಸ್ ಟ್ರಾನ್ಸ್‌ಫಾರ್ಮರ್ 100 ಹರ್ಟ್ಸ್‌ನಲ್ಲಿ ಗುಂಯ್‌ಗುಡುವುದೂ ಇದರಿಂದಲೇ.

ಸುಮಾರು 45 ಟೆಸ್ಲಾ ದಾಟಬೇಕಾದರೆ ಮಿಲಿಸೆಕೆಂಡುಗಳ ಕಾಂತಕ್ಷೇತ್ರದ ಮಿಡಿತವೇ ಗತಿ. ಅಲ್ಲಿ ಸ್ಟ್ರೇನ್ ಗೇಜಿನ (ಹಿಗ್ಗು-ಕುಗ್ಗನ್ನು ವಿದ್ಯುತ್ತಿನಿಂದ ಅಳೆಯುವ ಪಟ್ಟಿ) ತಂತಿಗಳಲ್ಲೇ ವೋಲ್ಟೇಜ್ ಹುಟ್ಟಿಬಿಡುವುದರಿಂದ ಅಳೆಯಬೇಕಾದ ಸ್ಫಟಿಕಕ್ಕೆ ಬ್ರ್ಯಾಗ್ ಗ್ರೇಟಿಂಗ್ (ಒಂದೇ ತರಂಗಾಂತರವನ್ನು ಹಿಂದಕ್ಕೆ ಕಳಿಸುವ ಸಾಲುಗೆರೆ) ಇರುವ ಆಪ್ಟಿಕಲ್ ಫೈಬರ್ ಅಂಟಿಸಿ, ಉದ್ದದೊಡನೆ ಬದಲಾಗುವ ಆ ತರಂಗಾಂತರ ಓದುತ್ತಾರೆ. ಸುಮಾರು 30 ಕೆಲ್ವಿನ್‌ಗಿಂತ (ಮೈನಸ್ 243 ಡಿಗ್ರಿ ಸೆಲ್ಸಿಯಸ್) ತಣ್ಣಗಿನ ಯುರೇನಿಯಂ ಡೈಆಕ್ಸೈಡ್ ಅಲ್ಲಿ ನಿಕಲ್‌ನಂತೆ ನಡೆದುಕೊಳ್ಳುವುದಿಲ್ಲ: ಕ್ಷೇತ್ರ ತಿರುಗಿಸಿದರೆ ಹಿಗ್ಗಿದ್ದು ಕುಗ್ಗುತ್ತದೆ, ಎದುರು ಕ್ಷೇತ್ರ 18 ಟೆಸ್ಲಾ ಸುಮಾರಿಗೆ ಮುಟ್ಟಿದಾಗ ಕುಗ್ಗಿದ್ದು ಒಮ್ಮೆಲೇ ಹಿಗ್ಗಿಗೆ ಮಗುಚಿಕೊಳ್ಳುತ್ತದೆ.