ಹಳೆ ಪಿಕಪ್ಪಲ್ಲಿ ಏಸಿ ಕೂಲ್ ಆಗ್ತಿಲ್ವಾ, ಹೀಟರ್ ಬಿಸಿ ಬರ್ತಿಲ್ವಾ?

ತಕ್ಷಣ ಗ್ಯಾಸ್ ತುಂಬ್ಸೋಕೆ ಓಡ್ಬೇಡಿ. ಇಂಜಿನ್, ಏಸಿ ಎರಡೂ ಆನ್ ಮಾಡಿ ಬಾನೆಟ್ ಎತ್ತಿ ಕಂಪ್ರೆಸರ್ (ಬೆಲ್ಟಿಂದ ಓಡೋ ಏಸಿ ಗ್ಯಾಸ್ ಪಂಪು) ನೋಡಿ, ಕೈ, ಲುಂಗಿ ಬೆಲ್ಟ್ ಹತ್ರ ತರ್ಬೇಡಿ, ಮುಂದಿನ ಪ್ಲೇಟು ಟಕ್ ಅಂತ ಅಂಟ್ಕೊಂಡು ತಿರುಗ್ಬೇಕು. ತಿರುಗ್ತಿಲ್ವಾ, ಫ್ಯೂಸ್, ರಿಲೇ (ಕರೆಂಟ್ ಆನ್-ಆಫ್ ಮಾಡೋ ಸಣ್ಣ ಸ್ವಿಚ್ಚು), ವೈರ್ ಚೆಕ್ ಮಾಡಿ, ಅವೆಲ್ಲ ಸರಿ ಇದ್ರೆ ಗ್ಯಾಸ್ ಕಮ್ಮಿಯಾಗಿ ಪ್ರೆಶರ್ ಸ್ವಿಚ್ ಕಂಪ್ರೆಸರ್ ಕರೆಂಟ್ ಕಟ್ ಮಾಡ್ತಿರ್ಬೋದು. ಪೈಪ್ ಜಾಯಿಂಟಲ್ಲಿ ಎಣ್ಣೆ ಜಿಡ್ಡಿಗೆ ಧೂಳು ಮೆತ್ಕೊಂಡಿದ್ರೆ ಹೆಚ್ಚಾಗಿ ಲೀಕ್ ಅಲ್ಲೇ, ಅದನ್ನ ಸರಿ ಮಾಡ್ದೆ ಗ್ಯಾಸ್ ಹಾಕ್ಸಿದ್ರೆ ದುಡ್ಡು ದಂಡ. ಬ್ಲೋವರ್ ಫುಲ್ ಸ್ಪೀಡಲ್ಲಿ ಮಾತ್ರ ಓಡ್ತಿದ್ರೆ ಅದರ ಸ್ಪೀಡ್ ಕಮ್ಮಿ ಮಾಡೋ ರೆಸಿಸ್ಟರ್ ನೋಡಿ.

ಹೀಟರ್‌ಗೆ ಇಂಜಿನ್ ತಣ್ಣಗಿದ್ದಾಗ್ಲೇ ಕೂಲೆಂಟ್ (ಇಂಜಿನ್ ತಣ್ಣಗಿಡೋ ದ್ರವ) ಲೆವೆಲ್ ನೋಡಿ. ಗಾಡಿ ಬಿಸಿಯಾದ್ಮೇಲೆ ಹೀಟರ್ ಹೋಸ್ ಎರಡನ್ನೂ ಹುಷಾರಾಗಿ ಮುಟ್ಟಿ ನೋಡಿ, ಒಂದು ಸುಡ್ತಾ ಇನ್ನೊಂದು ತಣ್ಣಗಿದ್ರೆ ಹೀಟರ್ ಕೋರ್ (ಬಿಸಿ ಕೂಲೆಂಟ್ ಹರಿದು ಗಾಳಿ ಬಿಸಿ ಮಾಡೋ ಸಣ್ಣ ರೇಡಿಯೇಟರ್) ಕಟ್ಕೊಂಡಿದೆ ಇಲ್ಲಾ ಹೀಟರ್ ವಾಲ್ವ್ ತೆರೀತಿಲ್ಲ. ಟೆಂಪರೇಚರ್ ಮುಳ್ಳು ಏರ್ತಾನೇ ಇಲ್ಲ ಅಂದ್ರೆ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗೋವರ್ಗೂ ಕೂಲೆಂಟ್ ರೇಡಿಯೇಟರ್‌ಗೆ ಹೋಗದಂಗೆ ತಡೆಯೋ ವಾಲ್ವ್) ತೆರೆದೇ ಕೂತಿರುತ್ತೆ, ಅಥವಾ ಯಾವ್ದೋ ಕಾಲದಲ್ಲಿ ಮೆಕ್ಯಾನಿಕ್ ಅದನ್ನ ಕಿತ್ತೇ ಬಿಸಾಕಿರ್ತಾನೆ, ಹಳೆ ಗಾಡಿಗಳಲ್ಲಿ ಇದು ಮಾಮೂಲಿ.